ಯಾವ ಸೆಲೆಕ್ಷನ್‌ಗೂ ಅಲ್ಲದ ಓಟ: ಹಳ್ಳಿಯ ಸಾಧಾರಣ ಓಟಗಾರರಿಗೊಂದು ಕೈಪಿಡಿ

ದೂರದ ಓಟ ಎಂದರೆ ಬೆಂಗಳೂರಿನ ಐಟಿಯವರ ಭಾನುವಾರದ ಹವ್ಯಾಸ, ಇಲ್ಲವೇ ಹಳ್ಳಿ ಹುಡುಗರ ಪೊಲೀಸ್ ನೇಮಕಾತಿ ತಯಾರಿ ಎಂಬ ಮಾತಿದೆ. ಇವೆರಡರ ನಡುವೆ ಇನ್ನೊಂದು ಓಟ ಇದೆ. ಅದರ ದೂರ, ವೇಗ, ಊಟ, ನೋವು, ಖರ್ಚು ಮತ್ತು ರಾಜಕೀಯ ಇಲ್ಲಿದೆ.

ಬೆಳಗ್ಗೆ ಐದೂಕಾಲು. ಹೊಳವನಹಳ್ಳಿಯ ಟೀ ಅಂಗಡಿಯಲ್ಲಿ ಆಗಷ್ಟೇ ಒಲೆ ಹತ್ತಿರುತ್ತದೆ. ನಾನು ಕೊರಟಗೆರೆ ರಸ್ತೆ ಹಿಡಿದು ಓಡುತ್ತಾ ಹೋಗುವಾಗ, ಹಾಲಿನ ಕ್ಯಾನ್ ಹಿಡಿದು ಡೇರಿಗೆ ಹೊರಟವರಲ್ಲಿ ಒಬ್ಬರಾದರೂ ಕೇಳೇ ಕೇಳುತ್ತಾರೆ: ‘ಯಾವ ಸೆಲೆಕ್ಷನ್‌ಗಪ್ಪಾ?’

ನನಗೀಗ 36 ವರ್ಷ. ಕಿವಿಯ ಮೇಲೆ ಬಿಳಿ ಕೂದಲು ಬಂದಿದೆ. ಬೋರ್‌ವೆಲ್ ಮೋಟಾರ್ ವೈಂಡಿಂಗ್ ಮಾಡುವ ಸಣ್ಣ ಅಂಗಡಿ ಇದೆ. ಯಾವ ನೇಮಕಾತಿಯ ವಯೋಮಿತಿಯೊಳಗೂ ನಾನಿಲ್ಲ. ‘ಯಾವ್ದಕ್ಕೂ ಇಲ್ಲ ಕಣಣ್ಣ, ಸುಮ್ನೆ’ ಅಂದರೆ ಅವರಿಗೆ ನಂಬಿಕೆ ಬರಲ್ಲ. ಸುಮ್ನೆ ಯಾರಾದ್ರೂ ಈ ಚಳಿಯಲ್ಲಿ ಬೆವರು ಸುರಿಸ್ತಾರಾ?

ಇದು ಗೇಲಿಯ ಪ್ರಶ್ನೆ ಅಲ್ಲ. ನಮ್ಮ ಕಡೆ ಓಟಕ್ಕೆ ಇರುವುದು ಒಂದೇ ಅರ್ಥ: ಕೆಲಸ. ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಗಂಡಸರು 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಹೆಂಗಸರು 400 ಮೀಟರನ್ನು 2 ನಿಮಿಷದೊಳಗೆ ಮುಗಿಸಬೇಕು. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದಂಥ ಮಳೆ ಕಡಿಮೆಯ ತಾಲ್ಲೂಕುಗಳಲ್ಲಿ ಬೆಳಗಿನ ಜಾವ ಓಡುವ ಹುಡುಗರನ್ನು ಕಂಡರೆ ಅವರ ತಲೆಯಲ್ಲಿ ಈ ಅಂಕಿಯೇ ಇರುತ್ತದೆ. ನನ್ನ ತಲೆಯಲ್ಲೂ ಇತ್ತು. 24ನೇ ವಯಸ್ಸಿನಲ್ಲಿ ನಾನು ಅದನ್ನು 6 ನಿಮಿಷ 41 ಸೆಕೆಂಡಿನಲ್ಲಿ ಮುಗಿಸಿದೆ. ಹನ್ನೊಂದು ಸೆಕೆಂಡ್ ತಡ. ಆಮೇಲೆ ಆರು ವರ್ಷ ನಾನು ಬಸ್ ಹಿಡಿಯೋಕೂ ಓಡಲಿಲ್ಲ.

ಮತ್ತೆ ಶುರುವಾಗಿದ್ದು 2019ರಲ್ಲಿ. ದೊಡ್ಡ ಕಾರಣ ಏನಿಲ್ಲ. ದಿನವಿಡೀ ಕೂತು ತಾಮ್ರದ ತಂತಿ ಸುತ್ತಿ ಸೊಂಟ ಹಿಡಿದುಕೊಂಡಿತ್ತು. ಒಂದು ಸಂಜೆ ಕೆರೆ ಏರಿ ಮೇಲೆ ಸ್ವಲ್ಪ ದೂರ ಓಡಿದೆ. ಯಾರೂ ಸೀಟಿ ಊದಲಿಲ್ಲ, ಯಾರೂ ‘ಫೇಲ್’ ಅನ್ನಲಿಲ್ಲ. ಅವತ್ತು ಸಿಕ್ಕಿದ ನೆಮ್ಮದಿಗೇ ಇವತ್ತಿಗೂ ಓಡುತ್ತಿದ್ದೇನೆ. ಈ ಲೇಖನ ಬರೆಯುತ್ತಿರುವುದು ಗೆಲ್ಲುವವರಿಗಲ್ಲ, ಕೆಲಸಕ್ಕೂ ಪದಕಕ್ಕೂ ಅಲ್ಲದೆ ಓಡಬೇಕೆನ್ನುವವರಿಗೆ. ಆ ಹಕ್ಕು ಎಲ್ಲರಿಗೂ ಇದೆ. ಅದಕ್ಕೆ ಬೇಕಾದ ಸಮಯ, ಜಾಗ, ಮಾಹಿತಿ ಮಾತ್ರ ಎಲ್ಲರಿಗೂ ಸಮನಾಗಿ ಸಿಕ್ಕಿಲ್ಲ.

ದೂರದ ಓಟ ಎಂದರೆ ಎಷ್ಟು ದೂರ?

ಹವ್ಯಾಸಿಗಳು ಸಾಮಾನ್ಯವಾಗಿ ಓಡುವ ದೂರಗಳು ನಾಲ್ಕು: 5 ಕಿ.ಮೀ., 10 ಕಿ.ಮೀ., ಹಾಫ್ ಮ್ಯಾರಥಾನ್ (21.0975 ಕಿ.ಮೀ.) ಮತ್ತು ಮ್ಯಾರಥಾನ್ (42.195 ಕಿ.ಮೀ.). ಅದಕ್ಕೂ ಮೀರಿದ್ದು ಅಲ್ಟ್ರಾ. ನಮ್ಮೂರಲ್ಲಿ ಯಾವ ಓಟಕ್ಕೂ ‘ಮ್ಯಾರಥಾನ್’ ಅಂತ ಬ್ಯಾನರ್ ಕಟ್ಟುತ್ತಾರೆ, 3 ಕಿ.ಮೀ. ಜಾಥಾಕ್ಕೂ ಕೂಡ. ನಿಜವಾದ ಮ್ಯಾರಥಾನ್‌ಗೆ ಅಳತೆ ಒಂದೇ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ 42.195 ಕಿ.ಮೀ. ದೂರವನ್ನು 1921ರಲ್ಲಿ ಅಧಿಕೃತ ದೂರವಾಗಿ ಒಪ್ಪಿಕೊಳ್ಳಲಾಯಿತು.

ಅದಕ್ಕೆ ಒಂದು ವರ್ಷ ಮೊದಲು, 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ 42.75 ಕಿ.ಮೀ. ಇತ್ತು. ಆ ಓಟದಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ರೈತರ ಮಕ್ಕಳನ್ನು ನೋಡಿ ದೊರಾಬ್ಜಿ ಟಾಟಾ ಆ ತಂಡವನ್ನು ಕಳಿಸಲು ಮುಂದಾದರು, ಕೈಯಿಂದ ಹಣವನ್ನೂ ಹಾಕಿದರು. ಅಂದರೆ ಭಾರತದ ಒಲಿಂಪಿಕ್ ಇತಿಹಾಸದ ಮೊದಲ ಪುಟದಲ್ಲೇ ಹಳ್ಳಿಯ ದೂರದ ಓಟಗಾರರಿದ್ದಾರೆ. ಮುಂದೆ 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷದಲ್ಲಿ ಮ್ಯಾರಥಾನ್ ಮುಗಿಸಿದ ಶಿವನಾಥ್ ಸಿಂಗ್ ಕೂಡ ಬರಿಗಾಲ ಓಟಕ್ಕೆ ಹೆಸರಾದವರು. ಆ ರಾಷ್ಟ್ರೀಯ ದಾಖಲೆಯನ್ನು ದಶಕಗಳ ಕಾಲ ಯಾರಿಂದಲೂ ಮುಟ್ಟಲಾಗಲಿಲ್ಲ. ಈ ಆಟ ನಗರದವರದ್ದು ಅನ್ನುವವರಿಗೆ ಈ ಎರಡು ಹೆಸರು ಸಾಕು.

ನಗರದ ಸಾಮೂಹಿಕ ಓಟ ನಮ್ಮ ರಾಜ್ಯದಲ್ಲಿ ಇತ್ತೀಚಿನದು. ಬೆಂಗಳೂರಿನ ವರ್ಲ್ಡ್ 10ಕೆ 2008ರಲ್ಲಿ, ಈಗಿನ ಬೆಂಗಳೂರು ಮ್ಯಾರಥಾನ್ 2014ರಲ್ಲಿ ಶುರುವಾದವು. ಶ್ರೀರಂಗಪಟ್ಟಣದ ಬಳಿ ನಾಲೆ ಏರಿಯ ಮಣ್ಣುದಾರಿಯಲ್ಲಿ ಕಾವೇರಿ ಟ್ರೈಲ್ ನಡೆಯುತ್ತದೆ. ಮಲೆನಾಡಿನ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ಇದೆ. 2022ರ ಜುಲೈನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾ-ಓಷಿಯಾನಿಯಾ 24 ಗಂಟೆ ಓಟದ ಚಾಂಪಿಯನ್‌ಶಿಪ್ ನಡೆದಾಗ ಭಾರತದ ಅಮರ್ ಸಿಂಗ್ ದೇವಂಡ ಒಂದು ದಿನದಲ್ಲಿ 257 ಕಿ.ಮೀ.ಗೂ ಹೆಚ್ಚು ಓಡಿ ಗೆದ್ದರು. ಹೊಳವನಹಳ್ಳಿಯಿಂದ ಬೆಂಗಳೂರಿಗೆ ಹೋಗಿ ವಾಪಸ್ ಬಂದು, ಇನ್ನೊಮ್ಮೆ ಹೊರಟಷ್ಟು ದೂರ!

‘ಸಾಧಾರಣ’ ಅಂದ್ರೆ ಎಷ್ಟು?

2023ರಲ್ಲಿ ಶಿಕಾಗೊದಲ್ಲಿ ಕೆಲ್ವಿನ್ ಕಿಪ್ಟಂ ಮ್ಯಾರಥಾನನ್ನು 2 ಗಂಟೆ 35 ಸೆಕೆಂಡಿನಲ್ಲಿ ಮುಗಿಸಿದರು. ನಾನು ಅದೇ ದೂರಕ್ಕೆ 5 ಗಂಟೆ 8 ನಿಮಿಷ ತೆಗೆದುಕೊಂಡೆ. ನಮ್ಮಿಬ್ಬರ ನಡುವೆ ಒಂದು ಊಟ, ಒಂದು ನಿದ್ದೆ ಹಿಡಿಸುತ್ತೆ.

ಓಟಗಾರರು ವೇಗವನ್ನು ಗಂಟೆಗೆ ಇಷ್ಟು ಕಿ.ಮೀ. ಎಂದು ಹೇಳುವುದಿಲ್ಲ. ಒಂದು ಕಿ.ಮೀ.ಗೆ ಎಷ್ಟು ನಿಮಿಷ ಎನ್ನುತ್ತಾರೆ. ಇದನ್ನೇ ಪೇಸ್ ಅನ್ನೋದು. ನೆನಪಿಟ್ಟುಕೊಳ್ಳಬಹುದಾದ ಕೆಲವು ಲೆಕ್ಕ:

• 10 ಕಿ.ಮೀ. 60 ನಿಮಿಷದಲ್ಲಿ: ಕಿ.ಮೀ.ಗೆ 6 ನಿಮಿಷ
• ಹಾಫ್ 2 ಗಂಟೆಯಲ್ಲಿ: ಕಿ.ಮೀ.ಗೆ 5 ನಿಮಿಷ 41 ಸೆಕೆಂಡ್
• ಹಾಫ್ 2 ಗಂಟೆ 15 ನಿಮಿಷದಲ್ಲಿ: ಕಿ.ಮೀ.ಗೆ 6 ನಿಮಿಷ 24 ಸೆಕೆಂಡ್
• ಮ್ಯಾರಥಾನ್ 5 ಗಂಟೆಯಲ್ಲಿ: ಕಿ.ಮೀ.ಗೆ 7 ನಿಮಿಷ 7 ಸೆಕೆಂಡ್
• ಪೊಲೀಸ್ ಪರೀಕ್ಷೆಯ 1,600 ಮೀಟರ್: ಕಿ.ಮೀ.ಗೆ 4 ನಿಮಿಷ 4 ಸೆಕೆಂಡ್

ಕೊನೆಯ ಸಾಲು ನೋಡಿ. ದೂರದ ಓಟಕ್ಕೆ ಆ ವೇಗ ಬೇಕಿಲ್ಲ. ಸೆಲೆಕ್ಷನ್‌ನಲ್ಲಿ ಬಿದ್ದವನು ‘ನನ್ನ ಮೈ ಓಟಕ್ಕೆ ಆಗಲ್ಲ’ ಅಂದುಕೊಳ್ಳುವುದು ತಪ್ಪು ಲೆಕ್ಕ. ಅದು ಒಂದು ವೇಗದ ಪರೀಕ್ಷೆ, ಅಷ್ಟೇ.

ಒಂದು ದೂರದ ಸಮಯದಿಂದ ಇನ್ನೊಂದನ್ನು ಊಹಿಸಲು ಅಮೆರಿಕದ ಎಂಜಿನಿಯರ್ ಪೀಟ್ ರೀಗಲ್ 1977ರಲ್ಲಿ ಒಂದು ಸೂತ್ರ ಕೊಟ್ಟರು: ದೂರ ಎಷ್ಟು ಪಟ್ಟು ಹೆಚ್ಚಾಯಿತೋ ಅದರ 1.06ನೇ ಘಾತದಿಂದ ಸಮಯವನ್ನು ಗುಣಿಸಬೇಕು. 10 ಕಿ.ಮೀ. ಒಂದು ಗಂಟೆಯಲ್ಲಿ ಓಡುವವರಿಗೆ ಹಾಫ್ ಸುಮಾರು 2 ಗಂಟೆ 12 ನಿಮಿಷ, ಮ್ಯಾರಥಾನ್ 4 ಗಂಟೆ 36 ನಿಮಿಷ ಬರುತ್ತದೆ. ನನ್ನ 10 ಕಿ.ಮೀ. 57 ನಿಮಿಷ 40 ಸೆಕೆಂಡ್. ಸೂತ್ರದ ಪ್ರಕಾರ ನನ್ನ ಮ್ಯಾರಥಾನ್ 4 ಗಂಟೆ 25 ನಿಮಿಷದಲ್ಲಿ ಮುಗಿಯಬೇಕಿತ್ತು. ಮುಕ್ಕಾಲು ಗಂಟೆ ಯಾಕೆ ಹೆಚ್ಚಾಯ್ತು? ಸೂತ್ರ ತಪ್ಪಿದ್ದಲ್ಲ. ಆ ದೂರಕ್ಕೆ ಬೇಕಾದಷ್ಟು ತಯಾರಿ ಆಗಿದ್ದರೆ ಮಾತ್ರ ಅದು ನಡೆಯುತ್ತೆ. ನನಗೆ ಆಗಿರಲಿಲ್ಲ.

ಒಂದು ವಾರ ಹೇಗಿರುತ್ತೆ?

ನನ್ನ ವಾರ ಹೀಗಿದೆ. ಮಂಗಳವಾರ 6 ಕಿ.ಮೀ. ಸಲೀಸಾಗಿ. ಗುರುವಾರ 8 ಕಿ.ಮೀ., ಅದರಲ್ಲಿ ಒಂದೊಂದು ನಿಮಿಷದ ಜೋರು ಓಟ ಆರು ಸಲ. ಶನಿವಾರ 5 ಕಿ.ಮೀ. ಭಾನುವಾರ ನಿಧಾನವಾಗಿ 16 ಕಿ.ಮೀ. ಒಟ್ಟು 35. ತಿಂಗಳಿಗೊಮ್ಮೆ ಗುರುವಾರದ ಓಟದ ಬದಲು ಸಿದ್ದರಬೆಟ್ಟದ ಮೆಟ್ಟಿಲು.

ಇದರಲ್ಲಿ ಮುಖ್ಯವಾದ ಮಾತು ‘ಸಲೀಸಾಗಿ’. ಸೆಲೆಕ್ಷನ್ ತಯಾರಿಯಲ್ಲಿ ನಾವು ಕಲಿತದ್ದು ದಿನವೂ ಉಸಿರು ಕಟ್ಟುವಂತೆ ಓಡೋದು. ದೂರದ ಓಟದ ತರಬೇತಿ ಅದಕ್ಕೆ ಉಲ್ಟಾ. ವಾರದ ಹೆಚ್ಚುಪಾಲು ಓಟ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಿಕೊಂಡು ಹೋಗುವಷ್ಟು ನಿಧಾನ ಇರಬೇಕು. ಆಗ ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದನ್ನು, ಸ್ನಾಯುಗಳು ಕೊಬ್ಬನ್ನು ಉರಿಸುವುದನ್ನು ಕಲಿಯುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೂ ಗಟ್ಟಿಯಾಗಲು ಸಮಯ ಸಿಗುತ್ತದೆ. ಶ್ವಾಸ ಮೂರು ವಾರದಲ್ಲಿ ಸುಧಾರಿಸಿದರೂ ಮೊಣಕಾಲಿಗೆ ತಿಂಗಳುಗಳು ಬೇಕು. ಹೊಸಬರು ಪೆಟ್ಟು ಮಾಡಿಕೊಳ್ಳೋದು ಇಲ್ಲೇ.

ಈಗಷ್ಟೇ ಶುರು ಮಾಡುವವರು ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ. ಹೀಗೆ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿನ. ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಎರಡು-ಮೂರು ತಿಂಗಳಲ್ಲಿ ನಿಲ್ಲದೆ 5 ಕಿ.ಮೀ. ಬರುತ್ತದೆ.

ಪುಸ್ತಕದಲ್ಲಿ ಇಲ್ಲದ ತೊಂದರೆ ಅಂದರೆ ನಮ್ಮ ದಿನಚರಿ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ರೈತ ನಿದ್ದೆಗೆಟ್ಟು ತೋಟದಲ್ಲಿರುತ್ತಾನೆ. ಮೋಟಾರ್ ಸುಟ್ಟರೆ ಬೆಳಗ್ಗೆ ಐದಕ್ಕೇ ನನಗೆ ಫೋನ್. ಮಾರ್ಚ್, ಏಪ್ರಿಲ್‌ನಲ್ಲಿ ಬೋರ್‌ವೆಲ್ ನೀರು ಕೆಳಗಿಳಿದು ಮೋಟಾರ್ ಸುಡೋದು ಜಾಸ್ತಿ. ಬೆಂಗಳೂರಿನ 10ಕೆ ಕೂಡ ಹೆಚ್ಚಾಗಿ ಏಪ್ರಿಲ್-ಮೇನಲ್ಲೇ ಇರುತ್ತದೆ (2024ರಲ್ಲಿ ಏಪ್ರಿಲ್ 28). ಅಡಿಕೆಗೆ ನೀರಿಲ್ಲ ಅಂತ ಒಬ್ಬರು ಬಾಗಿಲಲ್ಲಿ ನಿಂತಿರುವಾಗ ‘ಇವತ್ತು ನನ್ನ ಲಾಂಗ್ ರನ್’ ಅನ್ನೋಕೆ ಬಾಯಿ ಬರಲ್ಲ. ಹಾಗಾಗಿ ನನ್ನ ನಿಯಮ: ಒಂದು ಓಟ ತಪ್ಪಿದರೆ ತಪ್ಪಿತು, ಮರುದಿನ ಎರಡು ಸೇರಿಸಿ ಓಡುವುದಿಲ್ಲ.

ರಸ್ತೆಯ ಬಗ್ಗೆ ಎರಡು ಮಾತು. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಎದುರು ಬರುವ ಗಾಡಿ ಕಾಣುವಂತೆ ಓಡಿ. ಕತ್ತಲಲ್ಲಿ ಬಿಳಿ ಅಂಗಿ, ಕೈಯಲ್ಲೊಂದು ಟಾರ್ಚ್ ಇರಲಿ. ಚಿರತೆ ಓಡಾಡುವ ಬೆಟ್ಟದ ಬದಿಗೆ ಬೆಳಕು ಹರಿದ ಮೇಲೆ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ನಾಯಿ ಬಂದರೆ ಓಟ ನಿಲ್ಲಿಸಿ, ನಿಧಾನ ನಡೆಯಿರಿ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿಸಿ.

ಊಟ, ನೀರು, ಬಿಸಿಲು

ಓಡುವವರು ಒಂದು ಕಿ.ಮೀ.ಗೆ ಖರ್ಚು ಮಾಡುವ ಶಕ್ತಿ ಸುಮಾರಾಗಿ ಅವರ ತೂಕದಷ್ಟು ಕ್ಯಾಲೊರಿ. 60 ಕೆ.ಜಿ.ಯವರಿಗೆ 10 ಕಿ.ಮೀ.ಗೆ 600, ಮ್ಯಾರಥಾನ್‌ಗೆ 2,500. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಇರುವ ಸಕ್ಕರೆ ಸುಮಾರು 2,000 ಕ್ಯಾಲೊರಿಯಷ್ಟು. ಅದು ಮುಗಿಯುವುದು 30 ಕಿ.ಮೀ. ದಾಟಿದ ಮೇಲೆ. ಕಾಲು ಸೀಸದಂತಾಗಿ ತಲೆ ಖಾಲಿಯಾಗುವ ಆ ಸ್ಥಿತಿಗೆ ಓಟಗಾರರು ‘ಗೋಡೆ’ ಅಂತಾರೆ. ನಾನು ಅದಕ್ಕೆ ಡಿಕ್ಕಿ ಹೊಡೆದದ್ದು 31ನೇ ಕಿ.ಮೀ.ನಲ್ಲಿ.

ಇದಕ್ಕೆ ದುಬಾರಿ ಜೆಲ್ ಪೊಟ್ಟಣವೇ ಬೇಕು ಅಂತಿಲ್ಲ. ಓಟದ ಹಿಂದಿನ ರಾತ್ರಿ ಅನ್ನ ಅಥವಾ ಮುದ್ದೆ, ಖಾರ ಎಣ್ಣೆ ಕಡಿಮೆ. ಬೆಳಗ್ಗೆ ಬಾಳೆಹಣ್ಣು, ಅವಲಕ್ಕಿ. ದಾರಿಯಲ್ಲಿ ಬೆಲ್ಲದ ತುಂಡು, ಖರ್ಜೂರ. ಒಂದು ಎಚ್ಚರಿಕೆ: ಓಟದ ದಿನ ಹೊಸದೇನನ್ನೂ ತಿನ್ನಬೇಡಿ. ಭಾನುವಾರದ ಓಟದಲ್ಲಿ ತಿಂದು ಹೊಟ್ಟೆ ಒಪ್ಪಿದ್ದನ್ನೇ ತಿನ್ನಿ.

ನೀರು ಕುಡಿಯದಿದ್ದರೂ ಅಪಾಯ, ಅತಿಯಾಗಿ ಕುಡಿದರೂ ಅಪಾಯ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಕುಸಿದಿತ್ತು. ಓಟದುದ್ದಕ್ಕೂ ನೀರು ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲಿ, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡಿದವರಲ್ಲಿ ಇದು ಹೆಚ್ಚು. ಅಂದರೆ ನಮ್ಮಂಥ ನಿಧಾನದವರಿಗೇ ಈ ಅಪಾಯ ಜಾಸ್ತಿ. ಬಾಯಾರಿದಾಗ ಕುಡಿಯಿರಿ. ಗಂಟೆ ಮೀರಿದ ಓಟಕ್ಕೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಇರಲಿ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಬಿಸಿಲಲ್ಲಿ ಓಡುತ್ತಿರುವವರು ತಡವರಿಸಿ ಮಾತಾಡಿದರೆ, ಹೆಜ್ಜೆ ತಪ್ಪಿದರೆ ಅದು ಸುಸ್ತಲ್ಲ, ಬಿಸಿಲ ಆಘಾತ. ನೆರಳಿಗೆ ತಂದು, ತಕ್ಷಣ ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ತಣ್ಣಗೆ ಮಾಡುವುದು ಮೊದಲು, ಸಾಗಿಸುವುದು ಆಮೇಲೆ.

ಎಷ್ಟು ಅಭ್ಯಾಸ ಮಾಡಿದರೂ ಉಸಿರು ಸುಧಾರಿಸದಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57, ಗಂಡಸರಲ್ಲಿ ಶೇ. 25ರಷ್ಟು ಮಂದಿಗೆ ರಕ್ತಹೀನತೆ ಇದೆ. ಸೋಮಾರಿತನ ಅಂತ ಬೈಸಿಕೊಂಡ ಎಷ್ಟೋ ಮೈಗಳಲ್ಲಿ ಇದ್ದದ್ದು ಕಬ್ಬಿಣಾಂಶದ ಕೊರತೆ.

ನೋವು ಮತ್ತು ಶೂ

ಸ್ನಾಯು ನೋವು ಎರಡು ದಿನದಲ್ಲಿ ತಾನಾಗಿ ಹೋಗುತ್ತದೆ. ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸಬಹುದಾದ ಮೂಳೆ ನೋವು, ಓಡುತ್ತಾ ಓಡುತ್ತಾ ಹೆಚ್ಚಾಗುವ ನೋವು, ಕುಂಟಿಸುವ ನೋವು ಬಂದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಎದೆ ನೋವು, ತಲೆ ತಿರುಗುವಿಕೆ ಬಂದರೆ ಅವತ್ತೇ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಲ್ಲಿ ಹೃದಯಾಘಾತ ಆಗಿದ್ದರೆ ಓಟ ಶುರು ಮಾಡುವ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಿ.

ಶೂಗೆ ಬೆಲೆ ಮುಖ್ಯ ಅಲ್ಲ, ಅಳತೆ ಮುಖ್ಯ. ಓಡುವಾಗ ಪಾದ ಊದಿಕೊಳ್ಳುತ್ತೆ. ಹಾಗಾಗಿ ಸಂಜೆ ಹೊತ್ತು ಹಾಕಿ ನೋಡಿ, ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರುವಂಥದ್ದು ತೆಗೆದುಕೊಳ್ಳಿ. ಅಡಿಭಾಗ ಸವೆದು ಒಂದು ಕಡೆಗೆ ವಾಲಿದರೆ ಬದಲಿಸಿ. ಬರಿಗಾಲಲ್ಲಿ ಓಡಿ ಬೆಳೆದವರು ಒಂದೇ ದಿನಕ್ಕೆ ದಪ್ಪ ಶೂಗೆ, ಶೂ ಹಾಕಿ ಬೆಳೆದವರು ಒಂದೇ ದಿನಕ್ಕೆ ಬರಿಗಾಲಿಗೆ ಹೋಗಬೇಡಿ.

ಓಟದ ದಿನ

ಹೆಸರು ನೋಂದಾಯಿಸಿದವರಿಗೆ ಎದೆಗೆ ಸಿಕ್ಕಿಸಲು ಸಂಖ್ಯೆಯ ಚೀಟಿ ಕೊಡುತ್ತಾರೆ, ಅದು ಬಿಬ್. ಅದರ ಹಿಂದೆ ಟೈಮಿಂಗ್ ಚಿಪ್ ಇರುತ್ತದೆ. ಪಿಸ್ತೂಲಿನ ಸದ್ದಾದಾಗಿನಿಂದ ಎಣಿಸುವುದು ಗನ್ ಟೈಮ್. ನೀವು ಆರಂಭದ ಗೆರೆ ದಾಟಿದಾಗಿನಿಂದ ಎಣಿಸುವುದು ನೆಟ್ ಟೈಮ್. ಸಾವಿರಾರು ಜನರ ಹಿಂದೆ ನಿಂತ ನಮಗೆ ಎರಡನೆಯದೇ ಲೆಕ್ಕ. ನಿಗದಿತ ಸಮಯದೊಳಗೆ ಮುಗಿಸದವರಿಗೆ ರಸ್ತೆ ತೆರೆದುಬಿಡುತ್ತಾರೆ, ಅದು ಕಟ್‌ಆಫ್. ಹೆಸರು ಕೊಡುವ ಮೊದಲೇ ಅದನ್ನು ಓದಿಕೊಳ್ಳಿ.

ವಾಚು 21.3 ಕಿ.ಮೀ. ತೋರಿಸಿದರೆ ಆಯೋಜಕರು ಮೋಸ ಮಾಡಿದರು ಅನ್ನಬೇಡಿ. ಅಧಿಕೃತ ದಾರಿಯನ್ನು ಸೈಕಲ್ ಚಕ್ರಕ್ಕೆ ಎಣಿಕೆ ಯಂತ್ರ ಹಾಕಿ, ತಿರುವುಗಳಲ್ಲಿ ಅತಿ ಹತ್ತಿರದ ಗೆರೆ ಹಿಡಿದು ಅಳೆಯುತ್ತಾರೆ. ದೂರ ಕಡಿಮೆ ಬೀಳದಂತೆ ಕಿ.ಮೀ.ಗೆ ಒಂದು ಮೀಟರ್ ಹೆಚ್ಚು ಸೇರಿಸುತ್ತಾರೆ. ನಾವು ತಿರುವುಗಳಲ್ಲಿ ಅಗಲಕ್ಕೆ ಹೋಗಿ ಇನ್ನಷ್ಟು ಸೇರಿಸಿಕೊಳ್ತೀವಿ.

ನನ್ನ ಮೊದಲ ಹಾಫ್‌ನಲ್ಲಿ ಎಲ್ಲ ಹೊಸಬರು ಮಾಡುವ ತಪ್ಪನ್ನೇ ಮಾಡಿದೆ. ಹಾಡು, ಡೊಳ್ಳು, ಜನ. ಮೊದಲ 5 ಕಿ.ಮೀ. 27 ನಿಮಿಷದಲ್ಲಿ ಹೋದೆ. ಹದಿನಾಲ್ಕನೇ ಕಿ.ಮೀ.ಗೆ ನಡೆಯುತ್ತಿದ್ದೆ. ಅರವತ್ತು ದಾಟಿದ ಒಬ್ಬ ಅಮ್ಮ, ಸಲ್ವಾರ್ ಹಾಕಿಕೊಂಡು, ಒಂದೇ ಲಯದಲ್ಲಿ ನನ್ನನ್ನು ದಾಟಿ ಹೋದರು. ‘ಬನ್ನಿ ಸರ್, ಇನ್ನೇನ್ ಬಂತು’ ಅಂದರು. ಬಂದಿರಲಿಲ್ಲ, ಏಳು ಕಿ.ಮೀ. ಇತ್ತು. 2 ಗಂಟೆ 24 ನಿಮಿಷಕ್ಕೆ ಮುಗಿಸಿದೆ. ಈಗ ನನ್ನದು 2 ಗಂಟೆ 11. ಇಷ್ಟು ವರ್ಷದಲ್ಲಿ ಉಳಿಸಿದ್ದು 13 ನಿಮಿಷ. ಅದರಲ್ಲಿ ಅರ್ಧ ಶುರುವಿನಲ್ಲಿ ನಿಧಾನ ಮಾಡಿದ್ದರಿಂದಲೇ ಬಂದದ್ದು.

ಖರ್ಚಿನ ಲೆಕ್ಕ: ಯಾರು ಹೊರಗುಳಿಯುತ್ತಾರೆ?

ಓಟ ಎಲ್ಲಕ್ಕಿಂತ ಅಗ್ಗದ ಆಟ ಅನ್ನುವ ಮಾತಿದೆ. ಅಭ್ಯಾಸಕ್ಕೆ ಅದು ನಿಜ. ಸ್ಪರ್ಧೆಗೆ ಅಲ್ಲ. ನನ್ನ ಕಳೆದ ಹಾಫ್‌ನ ಲೆಕ್ಕ ಅಂಗಡಿಯ ಪುಸ್ತಕದಲ್ಲೇ ಬರೆದಿಟ್ಟಿದ್ದೇನೆ: ಪ್ರವೇಶ ಶುಲ್ಕ 1,500, ಬಸ್ಸು 300, ಮೆಜೆಸ್ಟಿಕ್ ಹತ್ತಿರ ಡಾರ್ಮಿಟರಿ 500, ಊಟ-ತಿಂಡಿ-ಆಟೋ 300. ಒಟ್ಟು 2,600 ರೂಪಾಯಿ. 2025-26ಕ್ಕೆ ಕರ್ನಾಟಕದಲ್ಲಿ ನರೇಗಾ ದಿನಗೂಲಿ 370 ರೂಪಾಯಿ. ಅಂದರೆ ಏಳು ದಿನದ ಕೂಲಿ, ಜೊತೆಗೆ ಎರಡು ದಿನ ಅಂಗಡಿ ಬಾಗಿಲು ಮುಚ್ಚಿದ ನಷ್ಟ. ಶೂ ಲೆಕ್ಕ ಬೇರೆ.

ಎರಡು ದಿನ ಯಾಕೆ? ದೊಡ್ಡ ಓಟಗಳಲ್ಲಿ ಬಿಬ್ ಅನ್ನು ಹಿಂದಿನ ದಿನಗಳಲ್ಲೇ ಹೋಗಿ ತೆಗೆದುಕೊಳ್ಳಬೇಕು. ಓಟ ಶುರುವಾಗುವುದು ಬೆಳಗಿನ ಜಾವ. ಆ ದಿನ ಮೆಟ್ರೊ ಬೇಗ ಬಿಡುತ್ತಾರೆ, ಸರಿ. ಹೊಳವನಹಳ್ಳಿಯಿಂದ ಮೆಟ್ರೊ ಇಲ್ಲವಲ್ಲ! ಬೆಂಗಳೂರಿನವರಿಗೆ ಅದು ಶನಿವಾರದ ಒಂದು ಓಡಾಟ. ನಮಗೆ ಅದು ಒಂದು ರಾತ್ರಿಯ ಬಾಡಿಗೆ. ಯಾರನ್ನೂ ‘ಬರಬೇಡಿ’ ಅಂತ ಬೋರ್ಡ್ ಹಾಕದೆಯೇ ಹೊರಗಿಡುವುದು ಹೀಗೆ. ಸಂಸ್ಥೆಗಳ ಹುಡುಗರು ಒಂದೇ ಬಣ್ಣದ ಟೀ ಶರ್ಟ್‌ನಲ್ಲಿ ಗುಂಪಾಗಿ ಫೋಟೊ ತೆಗೆಸಿಕೊಳ್ಳುತ್ತಿರುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅದೇ ರಸ್ತೆಗೆ ನೀರಿನ ಲೋಟ ಹಂಚುವ, ಬಿದ್ದ ಬಾಟಲಿ ಆರಿಸುವ ಕೈಗಳು ಮಾತ್ರ ನಮ್ಮಂಥ ಊರುಗಳಿಂದ ಹೋದವು ಅನ್ನುವುದು ಕಣ್ಣಿಗೆ ಬೀಳುತ್ತೆ.

ಕಡಿಮೆ ಖರ್ಚಿನ ದಾರಿಗಳೂ ಇವೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ದಸರಾ ಕ್ರೀಡಾಕೂಟವನ್ನು ತಾಲ್ಲೂಕು ಮಟ್ಟದಿಂದಲೇ ನಡೆಸುತ್ತದೆ. ವರ್ಷಕ್ಕೊಂದು ದೊಡ್ಡ ಓಟ, ಉಳಿದದ್ದು ಊರಲ್ಲೇ ಅನ್ನುವುದು ನನ್ನ ಲೆಕ್ಕಾಚಾರ.

‘ಮಾವ, ನಾನೂ ಬರ್ತೀನಿ’

ಹೋದ ವರ್ಷ ನನ್ನ ಅಕ್ಕನ ಮಗಳು, ಪಿಯು ಓದುವವಳು, ಹೀಗೆ ಕೇಳಿದಳು. ಅಕ್ಕ ಒಲೆ ಮುಂದಿನಿಂದಲೇ ಅಂದಳು: ‘ಹೆಣ್ಣುಡುಗಿ ಕತ್ತಲಲ್ಲಿ ರಸ್ತೆ ಮೇಲೆ ಓಡೋದಾ? ನೋಡ್ದೋರು ಏನಂತಾರೆ?’ ಪೊಲೀಸ್ ಸೆಲೆಕ್ಷನ್‌ಗೆ ಅಂದಿದ್ದರೆ ಬಹುಶಃ ಒಪ್ಪುತ್ತಿದ್ದಳು. ಹುಡುಗರಿಗೆ ‘ಸುಮ್ನೆ’ ಓಡುವುದು ವಿಚಿತ್ರ, ಹುಡುಗಿಯರಿಗೆ ಅದು ಅಪರಾಧದ ಥರ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿದ ಮೇಲೆ, ಅವರ ಮೈಗೆ ಅದು ತಡೆಯಲ್ಲ ಅಂತ 1960ರವರೆಗೆ ಆ ಸ್ಪರ್ಧೆಯನ್ನೇ ತೆಗೆದುಹಾಕಿದರು. 1967ರಲ್ಲಿ ಬಾಸ್ಟನ್‌ನಲ್ಲಿ ಕ್ಯಾಥರಿನ್ ಸ್ವಿಟ್ಜರ್ ಬಿಬ್ ಧರಿಸಿ ಓಡುತ್ತಿದ್ದಾಗ ಓಟದ ಅಧಿಕಾರಿಯೊಬ್ಬರೇ ರಸ್ತೆಗೆ ನುಗ್ಗಿ ಅದನ್ನು ಕಿತ್ತುಕೊಳ್ಳಲು ನೋಡಿದರು. ಬಾಸ್ಟನ್ ಹೆಂಗಸರನ್ನು ಅಧಿಕೃತವಾಗಿ ಸೇರಿಸಿಕೊಂಡದ್ದು 1972ರಲ್ಲಿ. ಒಲಿಂಪಿಕ್ಸ್‌ನಲ್ಲಿ ಮಹಿಳಾ ಮ್ಯಾರಥಾನ್ ಬಂದದ್ದು 1984ರಲ್ಲಿ. ‘ಮೈ ತಡೆಯಲ್ಲ’ ಅನ್ನುವುದು ಬರೀ ಮೈಯ ಮಾತಾಗಿರಲಿಲ್ಲ, ಬೀದಿ ಯಾರದ್ದು ಅನ್ನುವ ಮಾತಾಗಿತ್ತು.

ಅವಳಿಗೆ ಬೀದಿ ಬೇಡ, ಮೈದಾನ ಕೊಡಿಸೋಣ ಅಂತ ನೋಡಿದೆ. ಗೇಟಿಗೆ ಸಂಜೆ ಐದಕ್ಕೇ ಬೀಗ. ಕೇಳಿದರೆ ‘ಹುಡುಗರು ಕುಡಿದು ಬಾಟಲಿ ಒಡೀತಾರೆ’ ಅಂದರು. ಅದೂ ಸುಳ್ಳಲ್ಲ. ಕೊನೆಗೆ ಅಕ್ಕನೇ ದಾರಿ ಮಾಡಿದಳು. ‘ನಾನೂ ಬರ್ತೀನಿ, ನಡೀತೀನಿ, ಅವಳು ಓಡ್ಲಿ’ ಅಂದಳು. ಮೊದಲ ವಾರ ಅಕ್ಕ ಸೀರೆ ಸೆರಗು ಸಿಕ್ಕಿಸಿಕೊಂಡು ಎರಡು ಕಿ.ಮೀ. ನಡೆದಳು. ಆಮೇಲೆ ಪಕ್ಕದ ಮನೆಯ ಇಬ್ಬರು ಸೇರಿಕೊಂಡರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಾದ್ದರಿಂದ ತುಮಕೂರಿಗೆ ಹೋಗಿ ಓಡಿ ಬರುವುದೂ ಅವರಿಗೆ ಈಗ ಸುಲಭ. ಆ ಯೋಜನೆಯನ್ನು ‘ಬಿಟ್ಟಿ’ ಅನ್ನುವವರು ಈ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು.

ನೀವೇ ಶುರು ಮಾಡಬಹುದಾದ್ದು

2004ರಲ್ಲಿ ಲಂಡನ್‌ನ ಬುಶಿ ಪಾರ್ಕಿನಲ್ಲಿ 13 ಜನ ಸೇರಿ 5 ಕಿ.ಮೀ. ಓಡಿದರು. ಶುಲ್ಕ ಇಲ್ಲ, ಬಹುಮಾನ ಇಲ್ಲ, ಸಮಯ ಬರೆದುಕೊಳ್ಳಲು ಸ್ವಯಂಸೇವಕರು. ಇವತ್ತು ಪಾರ್ಕ್‌ರನ್ ಹೆಸರಲ್ಲಿ ಅದು ಹಲವು ದೇಶಗಳಲ್ಲಿ ನಡೆಯುತ್ತಿದೆ. ಇದಕ್ಕೆ ಬೇಕಾದ್ದು ಪ್ರಾಯೋಜಕರಲ್ಲ, ಒಂದು ಅಳೆದ ದಾರಿ.

ಅಳೆಯುವುದು ಹೀಗೆ. ಸೈಕಲ್ ಚಕ್ರಕ್ಕೆ ಸುಣ್ಣದ ಗುರುತು ಹಾಕಿ, ಒಂದು ಸುತ್ತಿಗೆ ನೆಲದ ಮೇಲೆ ಎಷ್ಟು ದೂರ ಹೋಗುತ್ತದೆಂದು ಟೇಪಿನಲ್ಲಿ ಅಳೆಯಿರಿ. 2.1 ಮೀಟರ್ ಬಂದರೆ 2.5 ಕಿ.ಮೀ.ಗೆ 1,190 ಸುತ್ತು, ಅಲ್ಲಿಂದ ವಾಪಸ್ ಬಂದರೆ 5 ಕಿ.ಮೀ. ನಾವು ಮೂವರು ಸೇರಿ ಒಂದು ಭಾನುವಾರ ಎಣಿಸಿದೆವು. ನಡುವೆ ಎಣಿಕೆ ತಪ್ಪಿ ಎರಡು ಸಲ ಮೊದಲಿಂದ ಶುರು ಮಾಡಿದ್ವಿ. ಈಗ ತಿಂಗಳ ಕೊನೆಯ ಭಾನುವಾರ ಬೆಳಗ್ಗೆ ಆರಕ್ಕೆ ಓಟ. ಮೊದಲ ಸಲ ನಾಲ್ಕು ಜನ, ಕಳೆದ ಸಲ ಹನ್ನೊಂದು. ಅದರಲ್ಲಿ ಐದು ಜನ ಸೆಲೆಕ್ಷನ್ ಹುಡುಗರು. ಅವರು ಹದಿನೆಂಟು-ಹತ್ತೊಂಬತ್ತು ನಿಮಿಷಕ್ಕೆ ಮುಗಿಸಿ, ನಾವು ಬರೋವರೆಗೂ ಕಲ್ಲಿನ ಮೇಲೆ ಕೂತು ಕಾಯುತ್ತಾರೆ. ಅಕ್ಕ ಕೊನೆಗೆ ಬರುತ್ತಾಳೆ, 52 ನಿಮಿಷಕ್ಕೆ. ಅವಳ ಸಮಯವನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ.

ಪಂಚಾಯಿತಿಗಳಿಂದ, ಸರ್ಕಾರದಿಂದ ಕೇಳಬೇಕಾದ್ದೂ ಇದೆ, ಅದು ದೊಡ್ಡ ಪಟ್ಟಿ ಅಲ್ಲ. ಶಾಲಾ ಮೈದಾನಗಳು ಬೆಳಗ್ಗೆ, ಸಂಜೆ ಊರಿಗೆ ತೆರೆದಿರಲಿ, ನೋಡಿಕೊಳ್ಳಲು ಊರಿನದೇ ಸಮಿತಿ ಇರಲಿ. ಎರಡು ದೀಪ, ಒಂದು ನಲ್ಲಿ, ಹೆಂಗಸರಿಗೊಂದು ಶೌಚಾಲಯ. ರಾಜಧಾನಿಯ ರಸ್ತೆ ಮುಚ್ಚಿ ನಡೆಸುವ ಓಟಗಳು ದೂರದ ಊರಿನವರಿಗೆ ಅವತ್ತೇ ಬಿಬ್ ಕೊಡಲಿ, ಕಡಿಮೆ ಶುಲ್ಕದ ಒಂದು ವಿಭಾಗ ಇಡಲಿ. ಸಾರ್ವಜನಿಕ ರಸ್ತೆ ಬಳಸುವವರನ್ನು ಇಷ್ಟು ಕೇಳುವುದು ಹೆಚ್ಚೇನಲ್ಲ.

ಆ ಹನ್ನೊಂದು ಸೆಕೆಂಡಿನ ಬಗ್ಗೆ ನನಗೆ ಈಗಲೂ ಬೇಜಾರಿದೆ, ಇಲ್ಲ ಅಂದ್ರೆ ಸುಳ್ಳಾಗುತ್ತೆ. ಕೆಲಸ ಸಿಕ್ಕಿದ್ದರೆ ಮನೆಯ ಸಾಲ ಬೇಗ ತೀರುತ್ತಿತ್ತು. ಸೆಲೆಕ್ಷನ್ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಸೀಟಿ ಊದಿದ ಮೇಲೂ ನಿಮ್ಮ ಕಾಲು ನಿಮ್ಮದೇ. ಪಾಸಾದರೂ, ಫೇಲಾದರೂ ತಿಂಗಳ ಕೊನೆಯ ಭಾನುವಾರ ಬನ್ನಿ, ಆರು ಗಂಟೆಗೆ.